ಅಭಿನವ ಲೋಕೋಪಕಾರಂ: ಹದಿಹರೆಯ ಕಾಂಡ, ಟಿಪ್ಪಣಿ ಸಹಿತ

ಗ್ರಂಥಾರಂಭದಲ್ಲಿ ವಿಘ್ನನಿವಾರಕನನ್ನು ನೆನೆಯುವುದು ಸಂಪ್ರದಾಯ. ಈ ಗ್ರಂಥದ ವಿಘ್ನಗಳೆಲ್ಲ ನನ್ನ ತಂಗಿಯ ಮಗಳಿಂದಲೇ ಬಂದುವಾದ್ದರಿಂದ ನೇರವಾಗಿ ಅವಳನ್ನೇ ನೆನೆದು ಶುರು ಮಾಡುತ್ತೇನೆ. ವಯಸ್ಸು ಹದಿನಾರು, ಮೊದಲ ವರ್ಷದ ಪಿಯುಸಿ, ಕೈಯಲ್ಲಿ ಸದಾ ಚೂಪು ಮಾಡಿದ ಪೆನ್ಸಿಲ್ಲು.

ಆದದ್ದಿಷ್ಟು. ದಸರಾ ರಜೆಗೆ ಮುಂಚೆ ತಂಗಿ ಫೋನ್ ಮಾಡಿದಳು. "ಅಣ್ಣ, ನೀನು ಮೂವತ್ತೊಂದು ವರ್ಷ ಹಳಗನ್ನಡ ಪಾಠ ಮಾಡಿದವನು. ಇವಳಿಗೆ ನಾಲ್ಕು ಬುದ್ಧಿಮಾತು ಹೇಳು. ನಾವು ಏನು ಹೇಳಿದರೂ ಬರೀ ಹೂಂ ಅಂತಾಳೆ." ನಿವೃತ್ತ ಮೇಷ್ಟರಿಗೆ ಇಂಥ ಕರೆ ಬರುವುದು ಅಪರೂಪ. ನಾಲ್ಕು ಮಾತಿಗೆ ನಿಲ್ಲಿಸುವುದು ನನ್ನ ಕೈಲಾಗಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು, ಕೇಶಿರಾಜನ ದಾರಿಯಲ್ಲೇ ಸೂತ್ರ, ಅದಕ್ಕೊಂದು ವೃತ್ತಿ, ಆಮೇಲೆ ಪ್ರಯೋಗ ಎಂದು ಬರೆದು ತುಂಬಿಸಿ ಕಳಿಸಿದೆ. ಹದಿನೈದು ದಿನಕ್ಕೆ ಪುಸ್ತಕ ವಾಪಸು ಬಂತು. ಅಂಚಿನ ತುಂಬ ಪೆನ್ಸಿಲ್ ಟಿಪ್ಪಣಿ. ಗ್ರಂಥಸಂಪಾದನೆಯ ಶಿಸ್ತಿಗೆ ತಲೆಬಾಗಿ ಅವನ್ನೂ ಮೂಲದ ಜೊತೆಗೇ ಅಚ್ಚಿಗೆ ಕೊಡುತ್ತಿದ್ದೇನೆ. ಮೂಲವನ್ನು ಬಿಟ್ಟು ಟಿಪ್ಪಣಿಯನ್ನಷ್ಟೇ ಕೊಡಬಹುದಿತ್ತು ಎಂದು ತಂಗಿಯ ಗಂಡನ ಅಭಿಪ್ರಾಯ. ಅದನ್ನು ಪ್ರಕ್ಷಿಪ್ತವೆಂದು ಬಗೆದು ಕೈಬಿಟ್ಟಿದ್ದೇನೆ.

ಪೀಠಿಕಾ ಪ್ರಕರಣ

ಬುದ್ಧಿ ಹೇಳುವ ವಿದ್ಯೆಗೆ ಕನ್ನಡದಲ್ಲಿ ಸಾವಿರ ವರ್ಷದ ಇತಿಹಾಸವಿದೆ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹ, ಜಗದೇಕಮಲ್ಲನೆಂಬ ಬಿರುದಿನವನು, ಹನ್ನೊಂದನೆಯ ಶತಮಾನದ ಮೊದಲರ್ಧದಲ್ಲಿ ಆಳುತ್ತಿದ್ದಾಗ ಅವನ ಆಶ್ರಯದಲ್ಲಿ ಇಬ್ಬರು ಉಪದೇಶಕರು ಒಂದೇ ಕಾಲದಲ್ಲಿ ಲೇಖನಿ ಹಿಡಿದಿದ್ದರು. ಒಬ್ಬ ಚಾವುಂಡರಾಯ. ಅವನು 1025ರ ಸುಮಾರಿಗೆ 'ಲೋಕೋಪಕಾರ' ಬರೆದ. ಬಾವಿ ತೋಡುವ ಮುಂಚೆ ನೀರಿನ ಸೆಲೆ ಹುಡುಕುವುದು ಹೇಗೆ, ಗಿಡಕ್ಕೆ ರೋಗ ಬಂದರೇನು ಮಾಡುವುದು, ಅಡುಗೆ, ಸುಗಂಧ, ವಿಷವೈದ್ಯ, ಶಕುನ, ಹೀಗೆ ಮನೆ ನಡೆಸುವವನಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಇನ್ನೊಬ್ಬ ದುರ್ಗಸಿಂಹ. ಅದೇ ರಾಜನಲ್ಲಿ ಸಂಧಿವಿಗ್ರಹಿಯಾಗಿದ್ದು 1031ರಲ್ಲಿ 'ಪಂಚತಂತ್ರ'ವನ್ನು ಕನ್ನಡಕ್ಕೆ ತಂದ. ಎಲ್ಲರೂ ಹಿಡಿದ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಹಿಡಿದ. ಒಂದೇ ಆಸ್ಥಾನದಲ್ಲಿ ಒಬ್ಬ ಗಿಡಕ್ಕೆ ಬುದ್ಧಿ, ಒಬ್ಬ ನರಿಯ ಬಾಯಲ್ಲಿ ಮನುಷ್ಯನಿಗೆ ಬುದ್ಧಿ. ಆ ಆಸ್ಥಾನದಲ್ಲಿ ಹರೆಯದ ಮಕ್ಕಳು ಇದ್ದಿದ್ದರೆ ಅವರ ಪಾಡೇನು ಎಂದು ಕನಿಕರವಾಗುತ್ತದೆ.

ಹುಳು ಬಿದ್ದ ಗಿಡಕ್ಕೆ ಮದ್ದು ಹೇಳುವ ಚಾವುಂಡರಾಯ, ಕೋಣೆಯ ಬಾಗಿಲು ಹಾಕಿಕೊಂಡ ಹದಿನಾರರ ಹುಡುಗಿಗೆ ಮದ್ದು ಹೇಳಿದ್ದು ಕಾಣೆ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಗ್ರಂಥದ ಪ್ರಯೋಜನ.

ವಿಷ್ಣುಶರ್ಮನ ಕಥೆ ಎಲ್ಲರಿಗೂ ಗೊತ್ತು. ದಡ್ಡರಾದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ನೀತಿಶಾಸ್ತ್ರದಲ್ಲಿ ಪಳಗಿಸಿಕೊಡುತ್ತೇನೆಂದು ಆತ ರಾಜನಿಗೆ ಮಾತು ಕೊಟ್ಟ. ಮೂರೇ ಜನರ ಬ್ಯಾಚು, ಆರೇ ತಿಂಗಳು, ಫಲ ಖಚಿತ. ಇಂದಿನ ಕೋಚಿಂಗ್ ಸೆಂಟರುಗಳ ಫ್ಲೆಕ್ಸ್ ಬೋರ್ಡಿಗೆ ಮೂಲಪುರುಷ ಅವನೇ. ವ್ಯತ್ಯಾಸ ಒಂದೇ. ವಿದ್ಯೆಯನ್ನು ಮಾರುವುದಿಲ್ಲವೆಂದು ಹೇಳಿ ಅವನು ಫೀಸನ್ನು ಬೇಡವೆಂದ. ಈ ಅಂಶವನ್ನು ಮಾತ್ರ ಪರಂಪರೆ ಮುಂದುವರಿಸಲಿಲ್ಲ.

ಟಿಪ್ಪಣಿ: ಮಾಮ, ಆ ಮೂರು ಹುಡುಗರಿಗೆ ಏನ್ ಡೌಟ್ ಇತ್ತು?

ಈ ಪ್ರಶ್ನೆ ಅಪ್ರಸ್ತುತವೆಂದು ಮೊದಲು ಅನ್ನಿಸಿತು. ಆದರೂ ಹಟಕ್ಕೆ ಬಿದ್ದು ಕಪಾಟಿನಲ್ಲಿದ್ದ ಪಂಚತಂತ್ರಗಳನ್ನೆಲ್ಲ ತೆಗೆದು ಹುಡುಕಿದೆ. ರಾಜನಿಗೆ ಏನು ಬೇಕಿತ್ತು ಎಂಬುದಿದೆ, ಮಂತ್ರಿಗಳು ಏನೆಂದರು ಎಂಬುದಿದೆ, ನರಿಗಳಿಬ್ಬರ ಅಂತರಂಗವಂತೂ ಪುಟಗಟ್ಟಲೆ ಇದೆ. ಹುಡುಗರನ್ನು ಕೂರಿಸಿಕೊಂಡು "ನಿಮಗೇನಪ್ಪ ತೊಂದರೆ?" ಎಂದು ಯಾರಾದರೂ ಕೇಳಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಅಧಿಕಾರಿ ನಿರ್ಣಯ

ಶಾಸ್ತ್ರವನ್ನು ಯಾರು ಓದಬೇಕು ಎಂಬುದನ್ನು ಮೊದಲೇ ಗೊತ್ತುಮಾಡಬೇಕು. ಪೂರ್ವಪಕ್ಷ ಎರಡಿವೆ. ವಿಶ್ವ ಆರೋಗ್ಯ ಸಂಸ್ಥೆ ಹತ್ತರಿಂದ ಹತ್ತೊಂಬತ್ತರವರೆಗೆ ಎನ್ನುತ್ತದೆ. ಇಂಗ್ಲಿಷಿನವರು 'ಟೀನ್' ಎಂಬ ಬಾಲ ಎಲ್ಲೆಲ್ಲಿ ಅಂಟುತ್ತದೋ ಅಲ್ಲೆಲ್ಲ ಎಂದು ಹದಿಮೂರರಿಂದ ಹತ್ತೊಂಬತ್ತನ್ನು ಹಿಡಿಯುತ್ತಾರೆ. ಎರಡೂ ಕನ್ನಡ ವ್ಯಾಕರಣಕ್ಕೆ ಒಗ್ಗುವುದಿಲ್ಲ. ಎಣಿಸಿ ನೋಡಿ: ಹನ್ನೊಂದು, ಹನ್ನೆರಡು ಎಂಬಲ್ಲಿ 'ಹನ್' ಇದೆ. ಹದಿಮೂರಕ್ಕೆ 'ಹದಿ' ಹುಟ್ಟಿ, ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು ದಾಟಿ, ಹದಿನೆಂಟಕ್ಕೆ ಮುಗಿಯುತ್ತದೆ. ಹತ್ತೊಂಬತ್ತಕ್ಕೆ 'ಹದಿ' ಇಲ್ಲ. ಅದು ಹತ್ತರ ಪಕ್ಕ ಒಂಬತ್ತನ್ನು ಕೂರಿಸಿದ ಮರ್ಯಾದಸ್ಥ ಸಂಖ್ಯೆ. ಆದ್ದರಿಂದ ಕನ್ನಡಿಗರಿಗೆ ಹದಿಹರೆಯ ಆರೇ ವರ್ಷ. ಹಿಂದಿನವರು ಎಷ್ಟು ದೂರಾಲೋಚನೆಯಿಂದ ಎಣಿಕೆ ಮಾಡಿದ್ದರೆಂದರೆ, 1989ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿ ಜಾರಿಯಾಗಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಾಗ ಭಾರತ ಸರ್ಕಾರ ಕೊನೆಗೂ ಕನ್ನಡ ವ್ಯಾಕರಣಕ್ಕೆ ಶರಣಾಯಿತು.

ಟಿಪ್ಪಣಿ: ಹಾಗಾದ್ರೆ ಅಕ್ಕಂಗೆ ಈಗ ಹತ್ತೊಂಬತ್ತು. ಅವಳಿಗೆ ಇನ್ನೂ ಬೈತಾರಲ್ಲ, ಅದು ಯಾವ ವಿಭಕ್ತಿ?

ಹೂಂಕಾರ ವಿಚಾರ

ಅಧಿಕಾರಿಯ ಭಾಷೆಯನ್ನು ಅರಿಯದೆ ಬುದ್ಧಿ ಹೇಳಹೊರಟವನು ಕಿವುಡನ ಮುಂದೆ ಶಂಖ ಊದಿದಂತೆ. ಈ ಭಾಷೆಯ ಶಬ್ದಕೋಶ ಚಿಕ್ಕದು. ಬಹುಪಾಲು 'ಹೂಂ' ಒಂದರಿಂದಲೇ ನಡೆಯುತ್ತದೆ. ಮಾತ್ರೆಯ ಪ್ರಕಾರ ಅದು ಮೂರು ಬಗೆ.

ಒಂದು ಮಾತ್ರೆಯ ಹ್ರಸ್ವ, 'ಹುಂ'. ಮಾತು ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ ಎಂದರ್ಥ. ಎರಡು ಮಾತ್ರೆಯ ದೀರ್ಘ, 'ಹೂಂ'. ನಾನು ಒಪ್ಪಿದೆನೆಂದೇ ತಿಳಿದುಕೊಂಡು ತಾವಿನ್ನು ಹೊರಡಬಹುದು ಎಂದರ್ಥ. ಇದು ದ್ವಿರುಕ್ತಿಯಾಗಿ 'ಹೂಂ ಹೂಂ' ಆದರೆ, ಹೊರಡಬಹುದು ಎಂಬುದು ಹೊರಡಿ ಎಂದಾಗುತ್ತದೆ. ಮೂರನೆಯದು ಮೂರು ಮಾತ್ರೆಯ ಪ್ಲುತ, 'ಹೂಂಂಂ'. ಮುಂದೆ ಹೇಳು, ಕೇಳುತ್ತಿದ್ದೇನೆ ಎಂದು ಇದರ ಅರ್ಥ. ಪ್ಲುತವು ದೂರದಿಂದ ಕರೆಯುವಾಗ, ಹಾಡುವಾಗ, ಅಳುವಾಗ ಬರುತ್ತದೆಂದು ವ್ಯಾಕರಣ ಹೇಳುತ್ತದೆ. ಉಪದೇಶದ ನಡುವೆ ಪ್ಲುತ ಬಂದ ಉದಾಹರಣೆ ನನ್ನ ಸಂಗ್ರಹದಲ್ಲಿ ಒಂದೂ ಇಲ್ಲ. ಅಜ್ಜಿ ದೆವ್ವದ ಕಥೆ ಹೇಳುವಾಗ ಮಾತ್ರ ಎರಡು ಸಲ ದೊರೆತಿದೆ.

ಮೊಡವೆ ಪ್ರಕರಣ

ಸೂತ್ರ: ಮುಟ್ಟದಿರ್ಪುದೆ ಮರ್ದು ಮೊಡವೆಗೆ.

ವೃತ್ತಿ: ಮುಟ್ಟದೆ ಇರುವುದೇ ಮದ್ದು. ಆದರೆ ಪಾಠಾಂತರಗಳು ಹಲವು. ಅಜ್ಜಿಯ ಪ್ರತಿಯಲ್ಲಿ "ಜಾಯಿಕಾಯಿ ತೇದು ಹಚ್ಚು" ಎಂದಿದೆ. ತಾಯಿಯ ಪ್ರತಿಯಲ್ಲಿ ಕಡಲೆಹಿಟ್ಟು, ಅರಿಶಿನ. ಪಕ್ಕದ ಬೆಂಚಿನ ಪ್ರತಿಯಲ್ಲಿ ಟೂತ್‌ಪೇಸ್ಟು. ಇದು ಅರ್ವಾಚೀನ ಪಾಠ, ಚರ್ಮ ಉರಿದು ಕೆಂಪಾಗುವುದರಿಂದ ತ್ಯಾಜ್ಯ. ತಂದೆಯ ಪ್ರತಿಯಲ್ಲಿ ಒಂದೇ ಸಾಲು: "ಕನ್ನಡಿ ನೋಡಬೇಡ, ಹೋಗುತ್ತೆ."

ಕಾರಣದ ವಿಷಯದಲ್ಲಿ ಮಾತ್ರ ಎಲ್ಲ ಪ್ರತಿಗಳಲ್ಲೂ ಒಮ್ಮತವಿದೆ: ಉಷ್ಣ. ಕಡಲೆಕಾಯಿ ತಿಂದರೆ ಉಷ್ಣ, ಮಾವಿನಹಣ್ಣು ತಿಂದರೆ ಉಷ್ಣ, ತಿನ್ನದೆ ನಿದ್ದೆಗೆಟ್ಟರೂ ಉಷ್ಣ. ಉಷ್ಣವೆಂಬುದು ನಮ್ಮ ಮನೆಗಳ ಪರಬ್ರಹ್ಮ. ಎಲ್ಲಕ್ಕೂ ಅದೇ ಕಾರಣ, ಅದಕ್ಕೆ ಕಾರಣವಿಲ್ಲ. ವೈದ್ಯರ ಮತ ಬೇರೆ. ಪ್ರಾಯ ಬಂದಾಗ ಆಂಡ್ರೋಜನ್ ಎಂಬ ಹಾರ್ಮೋನು ಏರುತ್ತದೆ, ಚರ್ಮದ ಎಣ್ಣೆಯ ಗ್ರಂಥಿಗಳು ಮೈಮುರಿದು ಕೆಲಸಕ್ಕಿಳಿಯುತ್ತವೆ, ಎಣ್ಣೆ ಮತ್ತು ಸತ್ತ ಚರ್ಮ ಸೇರಿ ರಂಧ್ರವನ್ನು ಮುಚ್ಚುತ್ತವೆ, ಒಳಗೆ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತದೆ. ದಿನಕ್ಕೆರಡು ಸಲ ಹದವಾಗಿ ಮುಖ ತೊಳೆಯುವುದು, ಚಿವುಟದಿರುವುದು, ಜಾಸ್ತಿಯಾದರೆ ಚರ್ಮದ ಡಾಕ್ಟರಿಗೆ ತೋರಿಸುವುದು. ಹಿಂಡಿದರೆ ವಾರದ ಅತಿಥಿ ವರ್ಷದ ಕಲೆಯಾಗಿ ಉಳಿಯುತ್ತಾನೆ.

ಟಿಪ್ಪಣಿ: ಇದೆಲ್ಲ ಬಯಾಲಜಿ ಬುಕ್ಕಲ್ಲೇ ಇದೆ ಮಾಮ. ನಾನು ಕೇಳಿದ್ದು, ಶುಕ್ರವಾರ ಕ್ಲಾಸ್ ಗ್ರೂಪ್ ಫೋಟೋ ಇದೆ, ಮೂಗಿನ ತುದೀಲಿ ಬಂದಿದೆ, ಏನ್ ಮಾಡ್ಲಿ ಅಂತ.

ಈ ಸಂದರ್ಭಕ್ಕೆ ಪೂರ್ವಾಚಾರ್ಯರ ವಚನ ದೊರೆಯದೆ ನನ್ನ ಸ್ವಂತ ಡಿಗ್ರಿ ಕಾಲದ ಗ್ರೂಪ್ ಫೋಟೋವನ್ನು ತೆಗೆದು ನೋಡಿದೆ. ಮೂರನೆಯ ಸಾಲು, ಎಡದಿಂದ ಐದನೆಯವನು. ಮುಂದಿನವನ ಭುಜದ ಹಿಂದೆ ಅರ್ಧ ಮುಖ ಮಾತ್ರ ಕಾಣುತ್ತದೆ. ಅದು ಅಕಸ್ಮಾತ್ ಆದದ್ದಲ್ಲವೆಂದು ನಲವತ್ತು ವರ್ಷದ ಮೇಲೆ ಈಗ ಒಪ್ಪಿಕೊಳ್ಳುತ್ತಿದ್ದೇನೆ.

ನಿದ್ರಾ ಪ್ರಕರಣ

ಸೂತ್ರ: ಉದಯಕ್ಕೆ ಮುನ್ನಮೇಳ್ವುದುಂ ಟೀವಿಗೆ ಮುನ್ನಂ ಮಲಗುವುದುಂ ಒಂದೆ ಮನೆಯೊಳ್ ಸಲ್ಲವು.

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಎಂಬುದು ಶಿಷ್ಟರ ಮತ. ಲೆಕ್ಕ ಹಾಕೋಣ. ಒಂದು ಮುಹೂರ್ತಕ್ಕೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ, ಅಂದರೆ 96 ನಿಮಿಷ ಮುಂಚೆ ಬ್ರಾಹ್ಮೀ ಶುರು. ಜನವರಿಯಲ್ಲಿ ಮೈಸೂರಿನ ಸೂರ್ಯ ಹುಟ್ಟುವುದು 6.45ರ ಆಸುಪಾಸು. ಹಾಗಾದರೆ ಎದ್ದೇಳಬೇಕಾದದ್ದು 5.09ಕ್ಕೆ. ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾವೈದ್ಯರು ಹೇಳುತ್ತಾರೆ (ಇವರೂ 'ಹದಿ'ಯ ಎಲ್ಲೆಯನ್ನೇ ಹಿಡಿದಿರುವುದನ್ನು ಗಮನಿಸಬೇಕು). ಕನಿಷ್ಠ ಎಂಟು ಎಂದು ಹಿಡಿದರೂ ರಾತ್ರಿ 9.09ಕ್ಕೆ ಕಣ್ಣು ಮುಚ್ಚಿರಬೇಕು.

ಆ ಹೊತ್ತಿಗೆ ಹಾಲಿನಲ್ಲಿ ಏನು ನಡೆಯುತ್ತಿರುತ್ತದೆ? ಧಾರಾವಾಹಿಯ ಅತ್ತೆ ಸೊಸೆಗೆ ಹಾಲಿನ ಲೋಟದಲ್ಲಿ ಏನನ್ನೋ ಬೆರೆಸುತ್ತಿರುತ್ತಾಳೆ. ಹಿನ್ನೆಲೆಯಲ್ಲಿ ಸಿಡಿಲು ಮೂರು ಸಲ ಹೊಡೆಯುತ್ತದೆ. ಬೇಗ ಮಲಗು ಎಂದು ಕೂಗುವ ದನಿ ಆ ಸಿಡಿಲನ್ನು ಮೀರಿ ಬರಬೇಕಾದ್ದರಿಂದ ಇನ್ನಷ್ಟು ಜೋರಾಗಿರುತ್ತದೆ.

ಇದಕ್ಕೆ ಶರೀರಶಾಸ್ತ್ರದ ಒಂದು ತೊಡಕೂ ಸೇರಿಕೊಂಡಿದೆ. ನಿದ್ದೆಗೆ ಕರೆಯುವ ಮೆಲಟೋನಿನ್ ಎಂಬ ರಾಸಾಯನಿಕ ಹರೆಯದವರ ಮೈಯಲ್ಲಿ ಚಿಕ್ಕ ಮಕ್ಕಳಿಗಿಂತ, ದೊಡ್ಡವರಿಗಿಂತ ತಡವಾಗಿ ಒಸರುತ್ತದೆ. ಹನ್ನೊಂದಕ್ಕೂ ನಿದ್ದೆ ಬಾರದಿರುವುದು ಕೊಬ್ಬಲ್ಲ, ಗಡಿಯಾರ. ಬೆಳಿಗ್ಗೆ ಐದೂವರೆಯ ಟ್ಯೂಷನ್ನಿಗೆ ಎಬ್ಬಿಸಿದಾಗ ಬರುವ ಆ ಸಿಡುಕೂ ಅದೇ ಗಡಿಯಾರದ್ದು. ಈ ವಾದವನ್ನು ತಂಗಿಯ ಮುಂದಿಟ್ಟಾಗ ಅವಳು ಹೇಳಿದ ಸಿದ್ಧಾಂತ ಇಷ್ಟೇ: "ನಮಗೆ ಆ ಮೆಲಟೋನಿನ್ನು ಗಿಲಟೋನಿನ್ನು ಯಾವುದೂ ಇರಲಿಲ್ಲ. ಅಪ್ಪ ನೀರು ಚಿಮುಕಿಸ್ತಿದ್ರು, ಏಳ್ತಿದ್ವಿ."

ಅಂಕ ಪ್ರಕರಣ

ಸೂತ್ರ: ಪೆರ್ಚಾದೊಡೆ ತೆಗೆವುದು, ಕಡಿಮೆಯಾದೊಡೆ ಬರ್ಪುದು.

ಇಡೀ ಗ್ರಂಥದಲ್ಲಿ ನನಗೆ ಹೆಮ್ಮೆಯೆನಿಸುವ ಸೂತ್ರ ಇದೊಂದೇ. ಪ್ರಯೋಗ ನೋಡಿ. "ನಮ್ಮ ಹುಡುಗ 598 ತೆಗೆದ." ಇಲ್ಲಿ ತೆಗೆ ಎಂಬ ಸಕರ್ಮಕ ಧಾತು. ಕರ್ತೃ ಎದೆಯುಬ್ಬಿಸಿ ಮುಂದೆ ನಿಂತಿದ್ದಾನೆ. ಅದೇ ಮನೆಯ ಇನ್ನೊಂದು ವಾಕ್ಯ: "ಪಾಪ, ಇವಳಿಗೆ 340 ಬಂತು." ಇಲ್ಲಿ ಬರು ಎಂಬ ಅಕರ್ಮಕ. ಹುಡುಗಿ ಏನೂ ಮಾಡಿಲ್ಲ, ಸುಮ್ಮನೆ ಮನೆಯಲ್ಲಿ ಕೂತಿದ್ದಾಗ 340 ಎಂಬುದು ತಾನಾಗಿ ಬಂದು ಬಾಗಿಲು ತಟ್ಟಿದೆ. ಚತುರ್ಥೀ ವಿಭಕ್ತಿಯ ಮರೆಯಲ್ಲಿ ಅವಳು ತಲೆತಗ್ಗಿಸಿ ನಿಂತಿದ್ದಾಳೆ. ಜ್ವರವೂ ಹೀಗೆಯೇ ಬರುವುದು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇನ್ನು "ಪಾಸಾದೆ" ಎನ್ನುವಾಗ ಕರ್ತೃ ತಾನೇ. "ಫಿಸಿಕ್ಸಲ್ಲಿ ಫೇಲ್ ಮಾಡಿಬಿಟ್ರು" ಎನ್ನುವಾಗ ಕರ್ತೃ ಯಾವುದೋ ಊರಿನ ಯಾವುದೋ ಮೌಲ್ಯಮಾಪಕರು, ಅದೂ ಗೌರವ ಬಹುವಚನದಲ್ಲಿ. ಇಷ್ಟು ನಯವಾಗಿ ತಪ್ಪನ್ನು ಸಾಗಹಾಕುವ ಕ್ರಿಯಾಪದಗಳು ಬೇರೆ ಭಾಷೆಯಲ್ಲಿದ್ದರೆ ನನಗೆ ತಿಳಿಸಬೇಕು.

ಎಸ್ಸೆಸ್ಸೆಲ್ಸಿಗೆ 625 ಎಂಬ ಒಟ್ಟು ಅಂಕ ಹೇಗೆ ಬಂತು ಎಂಬುದು ಸುಲಭ. ಪ್ರಥಮ ಭಾಷೆಗೆ 125, ಮಿಕ್ಕ ಐದಕ್ಕೆ ನೂರು ನೂರು. ಇದು 25ರ ವರ್ಗವೂ ಹೌದು, ಐದನ್ನು ನಾಲ್ಕು ಸಲ ಗುಣಿಸಿದರೆ ಬರುವುದೂ ಹೌದು. ಸಂಖ್ಯಾಶಾಸ್ತ್ರದವರ ಕಣ್ಣಿಗೆ ಇದು ಹೇಗೆ ಬೀಳಲಿಲ್ಲವೋ! 2022ರಲ್ಲಿ 145 ಮಂದಿ 625ಕ್ಕೆ 625 ತೆಗೆದರು ('ಬಂತು' ಅಲ್ಲ). ಅಂದಿನಿಂದ ಮದುವೆಮನೆಗಳಲ್ಲಿ 600 ತೆಗೆದವರಿಗೂ "ಇಪ್ಪತ್ತೈದು ಎಲ್ಲಿ ಹೋಯ್ತು?" ಎಂಬ ಪ್ರಶ್ನೆ ಎದುರಾಗಿದೆ.

ಮದುವೆಮನೆಯ ಆ "ಎಷ್ಟು ಬಂತು?" ಎಂಬ ಪ್ರಶ್ನೆಯನ್ನು ಎದುರಿಸುವ ವಿಧಿಯನ್ನು ಮೂಲದಲ್ಲಿ ನಾಲ್ಕು ಪುಟ ಬರೆದಿದ್ದೆ. ಸಾರ ಇಷ್ಟು. ಅಂಕವನ್ನು ತಟಕ್ಕನೆ ಹೇಳಿಬಿಡಬೇಕು, ಮುಂದೆ ಹಿಂದೆ ಏನನ್ನೂ ಸೇರಿಸಬಾರದು. ಪ್ರಶ್ನೆ ಕೇಳಿದವರ ಬಳಿ ಎರಡನೆಯ ಪ್ರಶ್ನೆ ಸಿದ್ಧವಿರುವುದಿಲ್ಲ. ಅವರ ಬಳಿ ಇರುವುದು ತಮ್ಮ ಮಗನ ಅಂಕ. ಅದನ್ನು ಹೇಳಲು ದಾರಿ ಬಿಟ್ಟುಕೊಟ್ಟರೆ ಅವರಿಗೂ ಸುಖ, ನಿಮ್ಮ ಎಲೆಗೆ ಹೋಳಿಗೆಯೂ ಬೇಗ. "ನಿಮಗೆಷ್ಟು ಬಂದಿತ್ತು ಅಂಕಲ್?" ಎಂದು ತಿರುಗಿ ಕೇಳುವುದನ್ನು ಶಾಸ್ತ್ರ ನಿಷೇಧಿಸಿದೆ.

ಟಿಪ್ಪಣಿ: ಕೇಳಿದೆ. ಅಂಕಲ್ ಪಾಯಸ ಬಡಿಸೋಕೆ ಎದ್ದು ಹೋದ್ರು. ಅವರು ಗಂಡಿನ ಕಡೆಯವರು, ಬಡಿಸೋ ಹಾಗೇ ಇರ್ಲಿಲ್ಲ.

ಇನ್ನು ಮನೆಯೊಳಗಿನ ವಿಧಿ. ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಹನ್ನೊಂದು ಬಂದಾಗ ('ತೆಗೆದಾಗ' ಅಲ್ಲ) ತಂದೆಗೆ ಹೇಳುವುದು ಹೇಗೆ? ಸಹಿಯನ್ನು ತಾನೇ ಅಭ್ಯಾಸ ಮಾಡಿಕೊಳ್ಳುವುದು ಪೂರ್ವಪಕ್ಷ. ಅದು ಎರಡನೆಯ ಸಲ ಸಿಕ್ಕಿಬೀಳುತ್ತದೆ. ಮೊದಲ ಸಲ ದಕ್ಕುತ್ತದೆ ಎಂಬುದೇ ಅದರ ಅಪಾಯ. ಸಿದ್ಧಾಂತ: ಶತ್ರುರಾಜನ ಬಳಿಗೆ ನೇರವಾಗಿ ಹೋಗಬಾರದು, ಸಂಧಿವಿಗ್ರಹಿಯ ಮೂಲಕ ಹೋಗಬೇಕು. ದುರ್ಗಸಿಂಹನ ಹುದ್ದೆ ನಮ್ಮ ಮನೆಗಳಲ್ಲಿ ತಾಯಿಗೆ ಸೇರಿದ್ದು. ಊಟವಾದ ಮೇಲೆ, ಕೈ ತೊಳೆಯುವ ಮುಂಚೆ ಹೇಳುವುದು ಶ್ರೇಷ್ಠ, ಏಕೆಂದರೆ ಎಂಜಲು ಕೈಯಲ್ಲಿ ಯಾರೂ ಏನನ್ನೂ ಎತ್ತಿಕೊಳ್ಳುವುದಿಲ್ಲ.

ಟಿಪ್ಪಣಿ: ನಮ್ಮನೇಲಿ ಉಲ್ಟಾ. ಅಮ್ಮ ರಾಜ, ಅಪ್ಪ ಸಂಧಿವಿಗ್ರಹಿ. ಅವರಿಗೇ ಯಾರಾದ್ರೂ ಸಂಧಿವಿಗ್ರಹಿ ಬೇಕು.

ಒಂದು ಕಡೆ ಮಾತ್ರ ಸೂತ್ರ, ವೃತ್ತಿ ಎಲ್ಲವನ್ನೂ ಪಕ್ಕಕ್ಕಿಟ್ಟು ಬರೆದಿದ್ದೆ, ಅಲ್ಲಿ ಅವಳೂ ಪೆನ್ಸಿಲ್ ಆಡಿಸಿಲ್ಲ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ, ಅವುಗಳಲ್ಲಿ ಹೆಚ್ಚು ಬಂದದ್ದು ಉಳಿಯುತ್ತದೆ. ಫಲಿತಾಂಶದ ದಿನವೇ ಲೋಕ ಮುಗಿಯಿತು ಎಂದು ಯಾರಿಗಾದರೂ ಅನ್ನಿಸಿದರೆ, ಮನೆಯವರ ಮುಂದೆ ಬಾಯಿ ಬಾರದಿದ್ದರೆ, 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನ್ ಮಾಡಬಹುದು. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎಷ್ಟು ಬಂತು ಎಂದು ಅವರು ಕೇಳುವುದಿಲ್ಲ.

ಬೀಜಾಕ್ಷರ ಪ್ರಕರಣ

ಪಾಣಿನಿಯ ಪ್ರತ್ಯಾಹಾರಗಳ ತರುವಾಯ ಇಷ್ಟು ಕಡಿಮೆ ಅಕ್ಷರದಲ್ಲಿ ಇಷ್ಟು ಲೋಕವನ್ನು ಅಡಗಿಸಿದವರು ಪದವಿಪೂರ್ವ ಶಿಕ್ಷಣದವರು. 'ಅಚ್' ಎಂದರೆ ಎಲ್ಲ ಸ್ವರಗಳೂ ಬಂದ ಹಾಗೆ 'ಪಿಸಿಎಂಬಿ' ಎಂದರೆ ಸ್ಟೆತಸ್ಕೋಪು, ಕ್ರೇನು, ಅಮೆರಿಕ, ಸಂಬಂಧಿಕರ ಮೌನ ಎಲ್ಲವೂ ಬರುತ್ತದೆ. 'ಸೆಬಾ', 'ಹೆಬಾ', 'ಸಿಬಾ' ಎಂಬ ವಾಣಿಜ್ಯ ಮಂತ್ರಗಳು ಉಚ್ಚಾರಕ್ಕೆ ಇನ್ನೂ ಮಧುರ. ಸ್ಟ್ಯಾಟಿಸ್ಟಿಕ್ಸೋ ಹಿಸ್ಟರಿಯೋ ಕಂಪ್ಯೂಟರೋ ಒಂದಕ್ಷರ ಬದಲಾದರೆ ದೇವತೆ ಬದಲು. 'ಹೆಪ್ಸ್' ಎಂದವರಿಗೆ ಮಾತ್ರ "ಯಾಕಮ್ಮ, ಮಾರ್ಕ್ಸ್ ಕಡಿಮೆ ಬಂತಾ?" ಎಂದು ಕೇಳುವ ರೂಢಿ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದವರೇ ನಾಳೆ ಜಿಲ್ಲೆಯ ಕಚೇರಿಯಲ್ಲಿ ಕೂತಾಗ ಇದೇ ಜನ ಅರ್ಜಿ ಹಿಡಿದು ಹೊರಗೆ ನಿಲ್ಲುವುದುಂಟು.

ಉಪಯೋಗಕ್ಕೆ ಬರುವ ಮಾತು ಒಂದಿದೆ. ಆಯ್ಕೆಗೆ ಮೊದಲು ಮೊದಲ ಪಿಯುಸಿಯ ಪಠ್ಯಪುಸ್ತಕಗಳನ್ನು ಯಾರಿಂದಲಾದರೂ ತಂದು ಪ್ರತಿಯೊಂದರಲ್ಲೂ ನಡುವಿನ ಒಂದು ಪಾಠವನ್ನು ಓದುವುದು. ಮೊದಲ ಪಾಠ ಎಲ್ಲದರಲ್ಲೂ ಸೊಗಸಾಗಿಯೇ ಇರುತ್ತದೆ, ಮದುವೆಗೆ ತೋರಿಸಿದ ಫೋಟೋದ ಹಾಗೆ. ನಡುವಿನ ಪಾಠದಲ್ಲೂ ಮುಂದಿನ ಪುಟ ತಿರುವಬೇಕೆನಿಸಿದರೆ ಅದು ನಿಮ್ಮದು. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ಮದುವೆಮನೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ವಾಹನ ಪ್ರಕರಣ

ಇಲ್ಲಿ ಸೂತ್ರ ಬೇಡ, ಸರ್ಕಾರವೇ ಬರೆದಿದೆ. ಹದಿನಾರಕ್ಕೆ 50 ಸಿಸಿ ಮೀರದ, ಗೇರಿಲ್ಲದ ಗಾಡಿ, ಮಿಕ್ಕಿದ್ದಕ್ಕೆ ಹದಿನೆಂಟು. ಷೋರೂಮಿನಲ್ಲಿ ಸಾಲಾಗಿ ನಿಂತ ಸ್ಕೂಟರುಗಳು 110 ಸಿಸಿ, 125 ಸಿಸಿ. ಹೀಗಾಗಿ ಹದಿನಾರರ ಲೈಸೆನ್ಸು, ಹಲ್ಲು ಬಿದ್ದವನಿಗೆ ಕಡಲೆ ಕೊಟ್ಟಂತೆ. 2019ರ ತಿದ್ದುಪಡಿಯ ಪ್ರಕಾರ ಮಕ್ಕಳು ಓಡಿಸಿ ಸಿಕ್ಕಿಬಿದ್ದರೆ ತಂದೆತಾಯಿಗೆ ಅಥವಾ ಗಾಡಿಯ ಯಜಮಾನನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಓಡಿಸಿದವರಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಮಗು ಮಾಡಿದ ತಪ್ಪಿಗೆ ಅಪ್ಪನನ್ನು ಒಳಗೆ ಹಾಕುವ ಕಾನೂನು ಇದೊಂದು ಕಡೆ ತಲೆಮಾರುಗಳ ಸಂಬಂಧವನ್ನು ಸರಿಯಾಗಿ ಅರ್ಥಮಾಡಿಕೊಂಡಿದೆ.

ಟಿಪ್ಪಣಿ: ಮಾಮ ಹದಿನಾಲ್ಕನೇ ವಯಸ್ಸಲ್ಲಿ ಲೂನಾ ಕದ್ದು ಓಡಿಸಿ ಚರಂಡಿಗೆ ಬಿದ್ದು, "ನಾಯಿ ಅಡ್ಡ ಬಂತು" ಅಂದ್ರಂತೆ. ಅಜ್ಜಿ ಹೇಳಿದ್ರು. ಇದೂ 'ಬಂತು' ಸೂತ್ರಕ್ಕೆ ಬರುತ್ತಾ?

ಬರುತ್ತದೆ. ನಾಯಿ ಇರಲಿಲ್ಲ.

ಮೊಬೈಲ್ ಪ್ರಕರಣ

ಈ ವಿಷಯದಲ್ಲಿ ಗ್ರಂಥಕರ್ತ ಮೌನ. ನೋಟ್‌ಬುಕ್ಕಿಗೆ ಬರೆಯುವ ಮುಂಚೆ ಗ್ರಂಥದ ಕರಡನ್ನೆಲ್ಲ ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲೇ ಬರೆದದ್ದನ್ನು ಮನೆಯವರೆಲ್ಲ ನೋಡಿದ್ದಾರೆ.

ಮಿತ್ರ ಪ್ರಕರಣ

ದುರ್ಗಸಿಂಹ ತನ್ನ ಕಾವ್ಯವನ್ನು ಶುರು ಮಾಡುವುದೇ ಭೇದಪ್ರಕರಣದಿಂದ. ಸಿಂಹಕ್ಕೂ ಎತ್ತಿಗೂ ಸ್ನೇಹ, ನಡುವೆ ನರಿ. ಆ ಎಳೆಯನ್ನು ಹಿಡಿದು ಒಳ್ಳೆಯ ಗೆಳೆಯರ ಲಕ್ಷಣಗಳೆಂಟು, ಕೆಟ್ಟ ಗೆಳೆಯರ ಲಕ್ಷಣಗಳು ಹನ್ನೆರಡು, ನೀಲಿ ಟಿಕ್ ಬಂದೂ ಉತ್ತರ ಬಾರದಿದ್ದರೆ ಎಷ್ಟು ಗಳಿಗೆ ಕಾಯಬೇಕು, ಉತ್ತರವಾಗಿ 'ಕೆ' ಎಂಬ ಒಂದೇ ವ್ಯಂಜನ ಬಂದರೆ ಅದನ್ನು ಯಾವ ರಸಕ್ಕೆ ಸೇರಿಸಬೇಕು (ರೌದ್ರವೆಂದು ಕೆಲವರು, ಶಾಂತವೆಂದು ಬರೆದವರು), ಹೀಗೆ ಹದಿನಾಲ್ಕು ಪುಟ ತುಂಬಿಸಿದ್ದೆ. ಈ ಪುಟಗಳ ಅಂಚಿನಲ್ಲಿ ಟಿಪ್ಪಣಿ ಒಂದೂ ಇಲ್ಲ. ಅವಳು ಓದಿದ್ದಾಳೆ, ಪುಟದ ಕಿವಿ ಮಡಿಚಿದೆ. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಇಷ್ಟು:

ಟಿಪ್ಪಣಿ: ಆಯುಧಪೂಜೆ ದಿನ ನೀವು ಸ್ಕೂಟರ್ ತೊಳೀತಾ ಇದ್ರಲ್ಲ, ಆವಾಗ ಕೇಳಿದ್ದೆ. ಒಂದನೇ ಕ್ಲಾಸಿಂದ ಪಕ್ಕದಲ್ಲಿ ಕೂರ್ತಿದ್ದೋಳು ಈಗ ಹಿಂದಿನ ಬೆಂಚಿಗೆ ಹೋಗಿದಾಳೆ. ಜಗಳ ಆಡಿಲ್ಲ, ಏನೂ ಆಗಿಲ್ಲ. ನೀವು "ಓದಿನ ಕಡೆ ಗಮನ ಕೊಡು ಪುಟ್ಟಿ, ಎಲ್ಲಾ ಸರಿಹೋಗುತ್ತೆ" ಅಂದ್ರಿ. ಆಮೇಲೆ ನಿಂಬೆಹಣ್ಣು ತಾ ಅಂದ್ರಿ.

ನೆನಪಾಯಿತು. ನಿಂಬೆಹಣ್ಣು ಚಕ್ರದ ಕೆಳಗಿಡಲು.

ಇನ್ನೂರು ಪುಟದ ಮೊದಲ ಪುಟದಿಂದ ಮತ್ತೆ ತಿರುವಿದೆ. ಮೊಡವೆಯನ್ನು ಅವಳು ಕೇಳಿರಲಿಲ್ಲ, ಫೋಟೋವನ್ನು ಕೇಳಿದ್ದಳು. ನಿದ್ದೆಯನ್ನು ಕೇಳಿರಲಿಲ್ಲ. ಕಾಂಬಿನೇಷನ್ನನ್ನು ಜೂನ್ ತಿಂಗಳಲ್ಲೇ ತಾನೇ ಆರಿಸಿ ಸೇರಿಯಾಗಿತ್ತು. ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಈ ಪ್ರಕರಣಕ್ಕೆ ಹೊಸದಾಗಿ ಸೂತ್ರ ರಚಿಸಲು ಮೂರು ದಿನ ಕೂತೆ. "ಪೋದರಂ ಪೋಗಲೀವುದು" ಎಂದು ಬರೆದೆ, ಹೊಡೆದೆ. ಅದು ಸುಳ್ಳು, ಯಾರೂ ಹಾಗೆ ಬಿಟ್ಟುಕೊಟ್ಟಿಲ್ಲ. "ಬೆಂಚಿಂದೆದ್ದು ಪೋಗಿ ಕೇಳ್ವುದು" ಎಂದು ಬರೆದೆ, ಹೊಡೆದೆ. ಹಾಸ್ಟೆಲಿನಲ್ಲಿ ನನ್ನ ಜೊತೆ ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳೆಯನೊಬ್ಬ ಒಂದು ದಿನದಿಂದ ಮಾತು ನಿಲ್ಲಿಸಿದ. ಯಾಕೆಂದು ನಾನು ಎದ್ದು ಹೋಗಿ ಕೇಳಲಿಲ್ಲ. ಅವನ ಮಗನ ಮದುವೆಯ ಸುದ್ದಿ ಮೂರನೆಯವರಿಂದ ಗೊತ್ತಾಯಿತು. ನಾನೇ ಮಾಡದ್ದಕ್ಕೆ ಹಳಗನ್ನಡದಲ್ಲಿ ವಿಧಿಲಿಂಗ್ ಹಾಕಲು ಕೈ ಬರಲಿಲ್ಲ. ಆ ಹದಿನಾಲ್ಕು ಪುಟಗಳನ್ನು ಹರಿದು, ಆ ಜಾಗದಲ್ಲಿ ಓಲೆಗರಿ ಗೆದ್ದಲು ತಿಂದಾಗ ಸಂಪಾದಕರು ಹಾಕುವ ಪದವನ್ನೇ ಹಾಕಿದ್ದೇನೆ:

(ಇಲ್ಲಿ ಗ್ರಂಥಪಾತ)

ಆ ಭಾನುವಾರ ಬಸ್ಸು ಹತ್ತಿ ತಂಗಿಯ ಮನೆಗೆ ಹೋದೆ. ಎಲ್ಲರೂ ಮಲಗಿದ ಮೇಲೆ ತಾರಸಿಯ ಮೇಲೆ ಕೂತು ಕೇಳಿದೆ, "ಅವಳು ಯಾವತ್ತಿಂದ ಹಿಂದೆ ಕೂರ್ತಿದಾಳೆ, ಹೇಳು." ಮೊದಲು ಹ್ರಸ್ವ, ಆಮೇಲೆ ದೀರ್ಘ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೂಕಾಲು ಗಂಟೆ ಅವಳೇ ಮಾತಾಡಿದಳು. ಒಂದನೇ ತರಗತಿಯ ನೀರಿನ ಬಾಟಲಿ, ಏಳನೇ ತರಗತಿಯ ಪ್ರವಾಸ, ಆ ಹುಡುಗಿಯ ಅಪ್ಪನಿಗೆ ಈ ವರ್ಷ ಕೆಲಸ ಹೋದದ್ದು, ಹೊಸ ಬ್ಯಾಗು ತಂದ ದಿನ ತಾನು ಆಡಿದ ಒಂದು ಮಾತು. ನಡುವೆ ಎರಡು ಮೂರು ಸಲ ನನಗೆ ಸೂತ್ರ ಬಾಯಿಯವರೆಗೆ ಬಂತು. ನುಂಗಿಕೊಂಡೆ.

ಗ್ರಂಥ ಅಚ್ಚಿಗೆ ಹೋಗುವ ಮುಂಚೆ ಕೊನೆಯ ಕರಡನ್ನು ಅವಳಿಗೆ ಕಳಿಸಿದ್ದೆ. ಗ್ರಂಥಪಾತವಿದ್ದ ಜಾಗದ ಅಂಚಿನಲ್ಲಿ ಪೆನ್ಸಿಲ್ ಗುರುತು ಹೀಗಿದೆ.

ಟಿಪ್ಪಣಿ: ತಾರಸಿ ಮೇಲೆ ಮಾಮ ಹಾಕಿದ ಹೂಂ ಒಟ್ಟು ಮೂವತ್ತೊಂದು. ಇಪ್ಪತ್ತೊಂಬತ್ತು ಪ್ಲುತ. ಕೊನೇ ಎರಡು ಹ್ರಸ್ವ, ಆವಾಗ ಅವರಿಗೆ ನಿದ್ದೆ ಬಂದಿತ್ತು.